ಹಾರರ್ ಗೇಮ್: ಯಾವುದು ಹೆದರಿಸುತ್ತದೆ, ಯಾಕೆ ಹೆದರಿಸುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಣಿಪಾಲ, ಮಂಗಳೂರಿನ ಕಡೆ ಗೇಮ್ ಆಡುವವರು ಸಿಕ್ಕಿದರೆ ನಮ್ಮ ಮಾತು ಕೊನೆಗೆ ಹಾರರ್‌ಗೇ ಬಂದು ನಿಲ್ಲುತ್ತದೆ. ಹಾಸ್ಟೆಲ್ ಹುಡುಗರು ಕೇಳುತ್ತಾರೆ, ಕೆಲಸ ಮುಗಿಸಿ ಬಂದು ರಾತ್ರಿ ಆಡುವವರು ಕೇಳುತ್ತಾರೆ, ಮಕ್ಕಳ ಬಗ್ಗೆ ಚಿಂತೆ ಇರುವ ಅಮ್ಮಂದಿರೂ ಮೆಸೇಜ್ ಮಾಡಿ ಕೇಳುತ್ತಾರೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಸ್ವಲ್ಪ ಆಳದ್ದು. ಯಾವ ಗೇಮಿನ ಕೊನೆಯನ್ನೂ ಇಲ್ಲಿ ಹೇಳಿಲ್ಲ, ಧೈರ್ಯವಾಗಿ ಓದಿ.

## ಹೊಸದಾಗಿ ಆಡುವವರಿಗೆ

ಹಾರರ್ ಸಿನಿಮಾ ನೋಡಿ ನನಗೆ ಎಂತದ್ದೂ ಆಗುವುದಿಲ್ಲ. ಗೇಮ್ ಆಡಿದ್ರೆ ಹೆದರಿಕೆ ಆಗ್ತದಾ?

ಹೆಚ್ಚಿನವರಿಗೆ ಆಗುತ್ತದೆ. ಸಿನಿಮಾದಲ್ಲಿ ಕತ್ತಲೆ ಕೋಣೆಗೆ ಹೋಗುವುದು ಬೇರೆ ಯಾರೋ. ನೀವು ಕಣ್ಣು ಮುಚ್ಚಿದರೂ ಅವರು ಹೋಗುತ್ತಾರೆ, ಎರಡು ನಿಮಿಷದಲ್ಲಿ ಆ ದೃಶ್ಯ ಮುಗಿಯುತ್ತದೆ. ಗೇಮ್‌ನಲ್ಲಿ ನೀವು ಬಟನ್ ಒತ್ತುವವರೆಗೆ ಯಾರೂ ಹೋಗುವುದಿಲ್ಲ. ಬಾಗಿಲು ಹಾಗೇ ಇರುತ್ತದೆ, ಆಚೆ ಕಡೆಯ ಶಬ್ದವೂ ಹಾಗೇ ಇರುತ್ತದೆ, ನೀವೇ ತೆರೆಯಬೇಕು.

2010ರ ‘ಅಮ್ನೀಶಿಯಾ: ದ ಡಾರ್ಕ್ ಡಿಸೆಂಟ್’ ಇದನ್ನು ತುಂಬ ಚೆನ್ನಾಗಿ ಅರ್ಥ ಮಾಡಿಕೊಂಡ ಗೇಮ್. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಮಾಡಿದ್ದು. ಅದರಲ್ಲಿ ಒಂದು ಕ್ಲಿಕ್‌ಗೆ ಬಾಗಿಲು ತೆರೆಯುವುದಿಲ್ಲ. ಮೌಸ್‌ನಲ್ಲಿ ಬಾಗಿಲನ್ನು ಹಿಡಿದು ನಿಧಾನಕ್ಕೆ ಎಳೆಯಬೇಕು. ಸ್ವಲ್ಪವೇ ತೆರೆದು ಇಣುಕಬಹುದು, ಬೇಡ ಅನಿಸಿದರೆ ಮುಚ್ಚಲೂಬಹುದು. ಎಷ್ಟು ತೆರೆಯಬೇಕು ಅನ್ನುವುದು ನಿಮ್ಮ ಕೈಯಲ್ಲೇ ಉಂಟು, ಹೆದರಿಕೆ ಶುರುವಾಗುವುದೂ ಅಲ್ಲೇ. ಕೆಳಗಿನ ಉತ್ತರಗಳಲ್ಲಿ ಬೇರೆ ಬೇರೆ ಗೇಮ್‌ಗಳ ಮಾತು ಬರುತ್ತದೆ, ಆದರೆ ನನ್ನ ಪ್ರಕಾರ ಒಳ್ಳೆಯ ಹಾರರ್ ಗೇಮ್‌ಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದೇ ಕೆಲಸ ಮಾಡುತ್ತವೆ: ಹೆದರಿಕೆಯ ಕಡೆಗೆ ನಿಮ್ಮ ಕಾಲಲ್ಲೇ ನಿಮ್ಮನ್ನು ನಡೆಸುತ್ತವೆ.

ಅತಿ ಹೆಚ್ಚು ಹೆದರಿಸುವ ಗೇಮ್ ಯಾವುದು ಮಾರಾಯ್ರೆ, ಒಂದೇ ಹೆಸರು ಹೇಳಿ

‘ಏಲಿಯನ್: ಐಸೊಲೇಶನ್’, 2014.

ಯಾಕೆ ಅಂತ ಕೆಳಗೆ ಬೇರೆ ಪ್ರಶ್ನೆಯಲ್ಲಿ ಹೇಳಿದ್ದೇನೆ. ಬೇರೆಯವರನ್ನು ಕೇಳಿದರೆ ಅಮ್ನೀಶಿಯಾ, ಔಟ್‌ಲಾಸ್ಟ್, ಪಿ.ಟಿ., ಸೈಲೆಂಟ್ ಹಿಲ್ 2, ವಿಸಾಜ್ ಅಂತ ಹೇಳುತ್ತಾರೆ, ಅದೂ ಸರಿಯೇ. ಅಟ್ಟಿಸಿಕೊಂಡು ಬಂದರೆ ಹೆದರುವವರು ಬೇರೆ, ಏನೂ ನಡೆಯದೆ ಖಾಲಿ ಮನೆಯಲ್ಲಿ ನಿಂತಾಗ ಹೆದರುವವರು ಬೇರೆ. ನೀವು ಎರಡನೇ ಪಂಗಡದವರಾದರೆ ಸೈಲೆಂಟ್ ಹಿಲ್ ಕಡೆ ಹೋಗಿ.

ಮೊದಲ ಸಲ ಆಡುವವ ಯಾವುದರಿಂದ ಶುರು ಮಾಡಬೇಕು?

ನೇರವಾಗಿ ಔಟ್‌ಲಾಸ್ಟ್‌ಗೆ ಹಾರಬೇಡಿ. ಅರ್ಧ ಗಂಟೆಯಲ್ಲಿ ಬಿಟ್ಟು ‘ಹಾರರ್ ನನಗೆ ಆಗುವುದಿಲ್ಲ’ ಅಂದವರನ್ನು ತುಂಬ ನೋಡಿದ್ದೇನೆ. 2017ರ ‘ಲಿಟಲ್ ನೈಟ್‌ಮೇರ್ಸ್’ ಒಳ್ಳೆಯ ಆರಂಭ. ಚಿಕ್ಕ ಹುಡುಗಿಯೊಬ್ಬಳು ದೊಡ್ಡ ದೊಡ್ಡ ರಾಕ್ಷಸರಂಥ ಜನರಿಂದ ತಪ್ಪಿಸಿಕೊಂಡು ಹೋಗುವ ಆಟ. ಪಕ್ಕದಿಂದ ನೋಡುತ್ತಾ ಆಡುವುದರಿಂದ ಸ್ವಲ್ಪ ದೂರ ಇರುತ್ತದೆ, ಆದರೂ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ.

ಆಮೇಲೆ 2019ರಲ್ಲಿ ಹೊಸದಾಗಿ ಮಾಡಿದ ‘ರೆಸಿಡೆಂಟ್ ಈವಿಲ್ 2’. ಕೈಯಲ್ಲಿ ಗನ್ ಉಂಟು, ನಕ್ಷೆ ಉಂಟು, ಮಧ್ಯೆ ಮಧ್ಯೆ ಸೇವ್ ಮಾಡುವ ಕೋಣೆಯಲ್ಲಿ ಉಸಿರು ಬಿಡಬಹುದು. ಕಥೆಗಾಗಿ ಆಡುವವರಾದರೆ ‘ಸೋಮಾ’ ಆಡಿ. ಅದರಲ್ಲಿ 2017ರಿಂದ ಒಂದು ಸೇಫ್ ಮೋಡ್ ಉಂಟು. ಜೀವಿಗಳು ಎದುರಿಗೆ ಬರುತ್ತವೆ, ಆದರೆ ನಿಮ್ಮನ್ನು ಕೊಲ್ಲುವುದಿಲ್ಲ. ಹಾಗೆ ಆಡಿದರೆ ಮರ್ಯಾದೆ ಕಡಿಮೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ನನ್ನದು ಹಳೇ ಲ್ಯಾಪ್‌ಟಾಪ್, ದುಡ್ಡೂ ಇಲ್ಲ. ಎಂತ ಆಡ್ಬಹುದು?

ತುಂಬ ಉಂಟು. ಹೆದರಿಕೆಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ.

‘ಎಸ್‌ಸಿಪಿ: ಕಂಟೇನ್‌ಮೆಂಟ್ ಬ್ರೀಚ್’ ಪೂರ್ತಿ ಉಚಿತ. ಅದರಲ್ಲಿ ಒಂದು ಪ್ರತಿಮೆ ಉಂಟು. ನೀವು ನೋಡುತ್ತಾ ಇರುವವರೆಗೆ ಅದು ಅಲ್ಲಾಡುವುದಿಲ್ಲ, ಕಣ್ಣು ಮಿಟುಕಿಸಿದ ಕ್ಷಣ ಹತ್ತಿರ ಬರುತ್ತದೆ. ಕಣ್ಣು ಮಿಟುಕಿಸಲಿಕ್ಕೇ ಪರದೆಯಲ್ಲಿ ಒಂದು ಮೀಟರ್ ಇಟ್ಟಿದ್ದಾರೆ, ಅದು ಇಳಿಯುತ್ತಾ ಹೋಗುತ್ತದೆ. ಅಷ್ಟೇ ಸಾಮಾನಿನಲ್ಲಿ ಎಷ್ಟು ಹೆದರಿಸಬಹುದು ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ‘ಕ್ರೈ ಆಫ್ ಫಿಯರ್’ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಉಚಿತ. ಮೂಲದಲ್ಲಿ ಹಾಫ್ ಲೈಫ್ ಅನ್ನುವ ಹಳೆಯ ಗೇಮಿನ ಮೇಲೆ ಕಟ್ಟಿದ್ದು, ಹಾಗಾಗಿ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. 2012ರ ‘ಸ್ಲೆಂಡರ್: ದ ಎಯ್ಟ್ ಪೇಜಸ್’ ಕೂಡ ಉಚಿತವಾಗೇ ಬಂದದ್ದು. ಕಾಡಿನಲ್ಲಿ ಎಂಟು ಕಾಗದ ಹುಡುಕಬೇಕು, ಮುಗಿಯಿತು.

ಸ್ವಲ್ಪ ಖರ್ಚು ಮಾಡುವುದಾದರೆ ಅಮ್ನೀಶಿಯಾ, ಡಾರ್ಕ್‌ವುಡ್, ಐರನ್ ಲಂಗ್ ಎಲ್ಲ ರಿಯಾಯಿತಿ ಮಾರಾಟದಲ್ಲಿ ತುಂಬ ಕಡಿಮೆಗೆ ಸಿಗುತ್ತವೆ. ಕಾದು ತೆಗೆದುಕೊಳ್ಳಿ. ದುಡ್ಡಿನ ಒಂದು ಭಾಗವನ್ನು ಒಳ್ಳೆಯ ಹೆಡ್‌ಫೋನಿಗೆ ಇಡಿ, ಈ ಆಟಗಳಿಗೆ ಅದು ಪರದೆಗಿಂತ ಮುಖ್ಯ.

ಮೊಬೈಲಲ್ಲಿ ಒಳ್ಳೇದು ಉಂಟಾ?

‘ಗ್ರಾನಿ’ ಎಲ್ಲರಿಗೂ ಗೊತ್ತು. ಐದು ದಿನದೊಳಗೆ ಮನೆಯಿಂದ ತಪ್ಪಿಸಿಕೊಳ್ಳಬೇಕು, ಏನಾದರೂ ಕೆಳಗೆ ಬಿದ್ದರೆ ಅಜ್ಜಿಗೆ ಕೇಳುತ್ತದೆ. ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಮೊಬೈಲಿಗೆ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅದರಲ್ಲಿ ಕೂತಲ್ಲೇ ಆಡುವುದು, ನಡೆದಾಡುವ ಕೆಲಸವೇ ಇಲ್ಲ. ಬಸ್ಸಲ್ಲಿ, ಬೆಳಕಲ್ಲಿ ಆಡಿ ‘ಹೆದರಿಕೆ ಆಗಲಿಲ್ಲ’ ಅನ್ನಬೇಡಿ.

ಮಗನಿಗೆ ಒಂಬತ್ತು ವರ್ಷ. ಕ್ಲಾಸಲ್ಲಿ ಎಲ್ಲರೂ ಗ್ರಾನಿ, ಫ್ರೆಡ್ಡಿ ಅಂತಾರಂತೆ. ಆಡ್ಲಿಕ್ಕೆ ಬಿಡಬಹುದಾ?

ನನ್ನ ಅಭಿಪ್ರಾಯದಲ್ಲಿ ಒಂಬತ್ತು ವರ್ಷಕ್ಕೆ ಬೇಡ. ಮಕ್ಕಳು ಹಗಲು ನಗುತ್ತಾ ಆಡುತ್ತಾರೆ, ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗುವುದಿಲ್ಲ. ಸುಮ್ನೆ ‘ಇಲ್ಲ’ ಅಂದರೆ ಗೆಳೆಯನ ಮೊಬೈಲಿನಲ್ಲಿ ನೋಡುತ್ತಾರೆ. ಅದಕ್ಕಿಂತ ನೀವೇ ಮೊದಲು ಹದಿನೈದು ನಿಮಿಷ ಆಡಿ ನೋಡಿ. ಡೌನ್‌ಲೋಡ್ ಮಾಡುವ ಪುಟದಲ್ಲಿ ವಯಸ್ಸಿನ ಗುರುತು ಹಾಕಿರುತ್ತಾರೆ, ಅದನ್ನೂ ನೋಡಿ. ಔಟ್‌ಲಾಸ್ಟ್, ರೆಸಿಡೆಂಟ್ ಈವಿಲ್ ತರಹದವು ಸ್ಪಷ್ಟವಾಗಿ ದೊಡ್ಡವರಿಗೆ ಮಾಡಿದವು. ಅದರಲ್ಲಿರುವ ಹಿಂಸೆ ನಿಜಕ್ಕೂ ಕ್ರೂರ.

ಇನ್ನೊಂದು ಮಾತು ಪೋಷಕರಿಗೆ ಖಂಡಿತ ಹೇಳಬೇಕು. ಚಿತ್ರ ನೋಡಿ ನಿರ್ಧಾರ ಮಾಡಬೇಡಿ. ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ ಅಂತ ಉಂಟು, 2017ರದ್ದು, ಉಚಿತ. ಹೊರಗಿನಿಂದ ನೋಡಿದರೆ ಗುಲಾಬಿ ಬಣ್ಣ, ಶಾಲೆಯ ಹುಡುಗಿಯರು, ಕವನ. ಒಳಗೆ ಆತ್ಮಹತ್ಯೆಯ ವಿಷಯ ನೇರವಾಗಿ ಬರುತ್ತದೆ. ಮಕ್ಕಳಿಗಲ್ಲ ಅಂತ ಗೇಮ್ ಶುರುವಾಗುವಾಗಲೇ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ನಂಬಿ.

## ಹೆದರಿಕೆ ಎಲ್ಲಿಂದ ಬರುತ್ತದೆ

ಜಂಪ್‌ಸ್ಕೇರ್ ಅಂದ್ರೆ ಅಗ್ಗದ ಟ್ರಿಕ್ ಅಲ್ವಾ?

ಇದ್ದಕ್ಕಿದ್ದ ಹಾಗೆ ಮುಖ ತೋರಿಸಿ ದೊಡ್ಡ ಶಬ್ದ ಹಾಕಿದರೆ ಯಾರಾದರೂ ಬೆಚ್ಚಿ ಬೀಳುತ್ತಾರೆ. ಅದು ದೇಹದ ಕೆಲಸ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಆದರೆ ಅದಕ್ಕೆ ಕಾಯಿಸುವುದರಲ್ಲಿ ಜಾಣತನ ಉಂಟು. 2014ರ ಮೊದಲ ಫ್ರೆಡ್ಡೀಸ್ ತೆಗೆದುಕೊಳ್ಳಿ. ಸ್ಕಾಟ್ ಕಾಥನ್ ಒಬ್ಬರೇ ಕೂತು ಮಾಡಿದ್ದು. ನೀವು ರಾತ್ರಿ ಕಾವಲುಗಾರ. ಹನ್ನೆರಡರಿಂದ ಬೆಳಿಗ್ಗೆ ಆರರವರೆಗೆ ಕುರ್ಚಿಯಿಂದ ಏಳುವ ಹಾಗಿಲ್ಲ. ಕ್ಯಾಮೆರಾ ನೋಡಿದರೆ ಕರೆಂಟ್ ಖರ್ಚು, ಲೈಟ್ ಹಾಕಿದರೆ ಖರ್ಚು, ಬಾಗಿಲು ಮುಚ್ಚಿದರೂ ಖರ್ಚು. ಅಂದರೆ ಸುರಕ್ಷಿತವಾಗಿ ಇರಲಿಕ್ಕೆ ಮಾಡುವ ಪ್ರತಿಯೊಂದು ಕೆಲಸವೂ ನಿಮ್ಮನ್ನು ಕತ್ತಲೆಗೆ ಹತ್ತಿರ ಮಾಡುತ್ತದೆ. ಕೊನೆಯಲ್ಲಿ ಬರುವ ಕಿರುಚಾಟ ಬರೀ ಬಿಲ್ಲು ಕೊಟ್ಟ ಹಾಗೆ, ಹೆದರಿಕೆಯ ಊಟ ಅದಕ್ಕೆ ಮೊದಲೇ ಮುಗಿದಿರುತ್ತದೆ.

ಇನ್ನೊಂದು ತುದಿಗೆ ಪೋಲೆಂಡಿನ ‘ಡಾರ್ಕ್‌ವುಡ್’, 2017. ಮೇಲಿನಿಂದ ನೋಡುವ ಆಟ, ಅಗ್ಗದ ಬೆಚ್ಚಿಬೀಳಿಸುವಿಕೆಯ ಮೇಲೆ ಅದು ನಿಂತಿಲ್ಲ. ನಿಮ್ಮ ಪಾತ್ರಕ್ಕೆ ಎದುರಿಗೆ ಕಾಣುವಷ್ಟೇ ನಿಮಗೂ ಕಾಣುತ್ತದೆ. ರಾತ್ರಿ ಆದಾಗ ಕಿಟಕಿಗೆ ಹಲಗೆ ಹೊಡೆದು ಒಂದು ಮೂಲೆಯಲ್ಲಿ ನಿಲ್ಲಬೇಕು. ಬೆನ್ನ ಹಿಂದೆ ಒಂದು ಬಾಗಿಲು ಕಿರ್ರ್ ಅನ್ನುತ್ತದೆ. ತಿರುಗಿದರೆ ಮುಂದಿನ ಬಾಗಿಲು ಕಾಣುವುದಿಲ್ಲ.

ಕಾಣುವುದಕ್ಕಿಂತ ಕೇಳುವುದೇ ಜಾಸ್ತಿ ಹೆದರಿಸ್ತದೆ ಅಂತೀರಿ, ಹೇಗೆ?

ಕಣ್ಣಿಗೆ ಬಿದ್ದದ್ದರ ಅಳತೆ ಗೊತ್ತಾಗುತ್ತದೆ. ಎಷ್ಟು ದೂರ, ಎಷ್ಟು ದೊಡ್ಡದು, ಓಡಬಹುದಾ ಇಲ್ಲವಾ. ಶಬ್ದಕ್ಕೆ ಆ ಅಳತೆ ಇಲ್ಲ, ಉಳಿದದ್ದನ್ನು ನಾವೇ ತುಂಬಿಸಿಕೊಳ್ಳಬೇಕು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ ಬರುವುದನ್ನು ಸಣ್ಣವರಿದ್ದಾಗ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚೆಂಡೆ ಏರುತ್ತದೆ, ತೆರೆಯ ಹಿಂದಿನಿಂದ ಆರ್ಭಟ ಕೇಳುತ್ತದೆ, ವೇಷದ ಮುಖ ಇನ್ನೂ ಕಂಡಿರುವುದಿಲ್ಲ, ಮಕ್ಕಳು ಆಗಲೇ ಅಮ್ಮನ ಸೆರಗಿನೊಳಗೆ.

1999ರ ಮೊದಲ ‘ಸೈಲೆಂಟ್ ಹಿಲ್’ನಲ್ಲಿ ನಿಮ್ಮ ಹತ್ತಿರ ಒಂದು ಕೆಟ್ಟ ರೇಡಿಯೋ ಇರುತ್ತದೆ. ಜೀವಿ ಹತ್ತಿರ ಬಂದರೆ ಅದು ಕೊರಕೊರ ಅನ್ನುತ್ತದೆ. ಸಹಾಯಕ್ಕೆ ಕೊಟ್ಟದ್ದೇ, ಆದರೆ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಹೇಳುವುದಿಲ್ಲ. ‘ಏನೋ ಉಂಟು’ ಅನ್ನುತ್ತದೆ, ಅಷ್ಟೇ. ಅಕಿರಾ ಯಮಾವೋಕಾ ಅದಕ್ಕೆ ಮಾಡಿದ ಸಂಗೀತದಲ್ಲಿ ಕಬ್ಬಿಣ ಉಜ್ಜಿದಂಥ, ಯಂತ್ರ ನರಳಿದಂಥ ಶಬ್ದಗಳೇ ತುಂಬಿವೆ. ಯಾವುದು ಸಂಗೀತ, ಯಾವುದು ಪಕ್ಕದ ಕೋಣೆಯ ಸದ್ದು ಅಂತ ಬೇರೆ ಮಾಡಲಿಕ್ಕೆ ಆಗುವುದಿಲ್ಲ. 2017ರ ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’ನಲ್ಲಿ ಎರಡು ಕಿವಿಗೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ಪಿಸುಮಾತುಗಳು ತಲೆಯ ಸುತ್ತ ತಿರುಗುತ್ತವೆ. ಮೈನ್‌ಕ್ರಾಫ್ಟ್ ಹಾರರ್ ಗೇಮ್ ಅಲ್ಲ, ಆದರೂ ಕತ್ತಲೆ ಗುಹೆಯ ಹತ್ತಿರ ಅದು ಸುಮ್ನೆ ಹೊರಡಿಸುವ ಆ ಶಬ್ದಕ್ಕೆ ಎಷ್ಟು ಮಕ್ಕಳು ಕೈ ನಿಲ್ಲಿಸಿದ್ದಾರೆ, ಕೇಳಿ ನೋಡಿ.

ನಮ್ಮ ಕಡೆಯವರಿಗೆ ಒಂದು ಸಲಹೆ: ಜುಲೈ ತಿಂಗಳ ಮಳೆಯಲ್ಲಿ ಶೀಟ್ ಮಾಡಿನ ಕೆಳಗೆ ಕೂತು ಆಡಬೇಡಿ, ಗೇಮಿನ ಅರ್ಧ ಶಬ್ದ ಕೇಳುವುದಿಲ್ಲ. ಕಿವಿ ಮುಚ್ಚುವಂಥ ಹೆಡ್‌ಫೋನ್ ಹಾಕಿ, ಇಲ್ಲದಿದ್ದರೆ ಮಳೆ ಬಿಡುವವರೆಗೆ ಕಾಯಿರಿ.

ಸೈಲೆಂಟ್ ಹಿಲ್‌ನ ಮಂಜು ಎಂತಕ್ಕೆ ಅಷ್ಟು ಫೇಮಸ್?

ಮೊದಲ ಪ್ಲೇಸ್ಟೇಶನ್‌ಗೆ ಇಡೀ ಊರನ್ನು ಒಟ್ಟಿಗೆ ಚಿತ್ರಿಸುವ ಶಕ್ತಿ ಇರಲಿಲ್ಲ. ದೂರದ ಕಟ್ಟಡಗಳು ಇದ್ದಕ್ಕಿದ್ದ ಹಾಗೆ ಮೂಡುವುದನ್ನು ಮುಚ್ಚಲಿಕ್ಕೆ ಮಂಜು, ಕತ್ತಲೆ ಹಾಕಿದರು. ಆ ತಂಡದ ಜಾಣತನ ಏನೆಂದರೆ, ಯಂತ್ರದ ಕೊರತೆಯನ್ನೇ ಊರಿನ ಸ್ವಭಾವ ಮಾಡಿಬಿಟ್ಟರು. ನಾಲ್ಕು ಹೆಜ್ಜೆ ಮುಂದೆ ಏನಿದೆ ಗೊತ್ತಿಲ್ಲ, ಆದರೆ ಊರು ಮುಂದೆಯೂ ಇದೆ ಅಂತ ಗೊತ್ತು.

1996ರ ಮೊದಲ ‘ರೆಸಿಡೆಂಟ್ ಈವಿಲ್’ನಲ್ಲೂ ಹೀಗೇ. ಬಾಗಿಲು ನಿಧಾನಕ್ಕೆ ತೆರೆಯುವ ಆ ದೃಶ್ಯ ಮುಂದಿನ ಕೋಣೆ ಲೋಡ್ ಆಗುವ ಸಮಯವನ್ನು ಮುಚ್ಚುತ್ತಿತ್ತು, ಜೊತೆಗೆ ಆಡುವವರ ಎದೆಬಡಿತವನ್ನೂ ಏರಿಸುತ್ತಿತ್ತು. ಕ್ಯಾಮೆರಾ ಒಂದೇ ಕಡೆ ನಿಂತಿರುತ್ತದೆ, ಹಾಗಾಗಿ ಮೂಲೆಯಾಚೆ ಹೆಜ್ಜೆ ಕೇಳಿದರೂ ಕಾಣುವುದಿಲ್ಲ.

2024ರಲ್ಲಿ ಬ್ಲೂಬರ್ ಟೀಮ್ ‘ಸೈಲೆಂಟ್ ಹಿಲ್ 2’ ಅನ್ನು ಹೊಸದಾಗಿ ಮಾಡಿದರು. ಇವತ್ತಿನ ಯಂತ್ರಕ್ಕೆ ಮಂಜಿನ ಮರೆ ಬೇಕಾಗಿಲ್ಲ, ಆದರೂ ಅದನ್ನು ತೆಗೆಯಲಿಲ್ಲ. ತೆಗೆದಿದ್ದರೆ ಆ ಊರು ಬರೀ ಒಂದು ಖಾಲಿ ಊರಾಗುತ್ತಿತ್ತು.

ಕೈಗೆ ಗನ್ ಕೊಟ್ಟ ಮೇಲೆ ಹೆದರಿಕೆ ಎಲ್ಲಿ ಉಳೀತದೆ?

ಗನ್ ಇದ್ದರೆ ಹೆದರಿಕೆ ಹೋಗುತ್ತದೆ ಅನ್ನುವುದು ಪೂರ್ತಿ ನಿಜ ಅಲ್ಲ, ಗುಂಡು ಧಾರಾಳ ಇದ್ದರೆ ಹೋಗುತ್ತದೆ. ಎರಡೇ ಗುಂಡು ಉಳಿದಿದ್ದಾಗ ಗನ್ ಇರುವುದು ಇನ್ನೂ ಕಷ್ಟ, ಯಾಕೆಂದರೆ ಈಗ ಬಳಸಬೇಕಾ ಮುಂದಕ್ಕೆ ಇಡಬೇಕಾ ಅನ್ನುವ ಲೆಕ್ಕವೂ ತಲೆಗೆ ಬಂತು.

ಏನೂ ಕೊಡದ ಗೇಮ್‌ಗಳು ಒಂದು ಬಗೆ. ಅಮ್ನೀಶಿಯಾದಲ್ಲಿ ಓಡಬೇಕು, ಅಡಗಬೇಕು. ಕತ್ತಲೆಯಲ್ಲಿ ನಿಂತರೆ ಪಾತ್ರದ ಮನಸ್ಸಿನ ಸ್ಥಿಮಿತ ತಪ್ಪುತ್ತದೆ, ಬೆಳಕಿಗೆ ಬಂದರೆ ಜೀವಿಗೆ ಕಾಣುತ್ತೀರಿ. ಅಡಗಿ ನಿಂತು ಅದನ್ನು ನೋಡುತ್ತಿದ್ದರೂ ಸ್ಥಿಮಿತ ಇಳಿಯುತ್ತದೆ. 2013ರ ‘ಔಟ್‌ಲಾಸ್ಟ್’ನಲ್ಲಿ ಕೈಯಲ್ಲಿರುವುದು ಒಂದು ವಿಡಿಯೋ ಕ್ಯಾಮೆರಾ. ಕತ್ತಲೆಯಲ್ಲಿ ಕಾಣಬೇಕಾದರೆ ಅದರ ಹಸಿರು ನೈಟ್ ವಿಷನ್ ಬೇಕು, ಅದು ಬ್ಯಾಟರಿ ತಿನ್ನುತ್ತದೆ.

ಆಯುಧ ಕೊಟ್ಟೂ ಹೆದರಿಸುವವುಗಳನ್ನು ನಾನು ಇನ್ನೂ ಜಾಸ್ತಿ ಮೆಚ್ಚುತ್ತೇನೆ. 2008ರ ‘ಡೆಡ್ ಸ್ಪೇಸ್’ನಲ್ಲಿ ಎದೆಗೆ, ತಲೆಗೆ ಹೊಡೆದರೆ ಜೀವಿಗಳು ಬೇಗ ಸಾಯುವುದಿಲ್ಲ, ಕೈಕಾಲು ಕತ್ತರಿಸಬೇಕು. ಬೇರೆ ಗೇಮ್‌ಗಳಲ್ಲಿ ಕಲಿತ ಅಭ್ಯಾಸವೇ ನಿಮಗೆ ಮುಳುವಾಗುತ್ತದೆ. ಸಾಮಾನಿನ ಪಟ್ಟಿ ತೆರೆದರೂ ಆಟ ನಿಲ್ಲುವುದಿಲ್ಲ. ಜಪಾನಿನ ‘ಫೇಟಲ್ ಫ್ರೇಮ್’ (2001) ಇದಕ್ಕಿಂತಲೂ ಮುಂದೆ ಹೋಯಿತು. ಅಲ್ಲಿ ಆಯುಧ ಅಂದರೆ ಹಳೆಯ ಕಾಲದ ಒಂದು ಕ್ಯಾಮೆರಾ, ಅದರಲ್ಲಿ ದೆವ್ವದ ಫೋಟೋ ತೆಗೆಯಬೇಕು. ದೂರದಿಂದ ತೆಗೆದರೆ ಪೆಟ್ಟು ಕಡಿಮೆ. ದೆವ್ವ ಮೈಮೇಲೆ ಬೀಳುವ ಕ್ಷಣದವರೆಗೆ ಕಾದು, ಅದರ ಮುಖ ಇಡೀ ಪರದೆ ತುಂಬಿದಾಗ ಒತ್ತಿದರೆ ಪೂರ್ತಿ ಪೆಟ್ಟು. ಎಲ್ಲ ಗೇಮ್‌ಗಳಲ್ಲಿ ಹೆದರಿಕೆ ಬಂದರೆ ಹಿಂದಕ್ಕೆ ಸರಿಯುತ್ತೇವೆ, ಇಲ್ಲಿ ಗೆಲ್ಲಬೇಕಾದರೆ ಕಣ್ಣು ತೆರೆದು ಹತ್ತಿರ ಬರಲು ಬಿಡಬೇಕು. ಇಪ್ಪತ್ತು ವರ್ಷ ದಾಟಿದರೂ ಇಷ್ಟು ಒಳ್ಳೆಯ ಕಲ್ಪನೆ ಇನ್ನೊಂದು ಬಂದಿಲ್ಲ ಅಂತ ನನ್ನ ನಂಬಿಕೆ.

2023ರ ‘ಅಮ್ನೀಶಿಯಾ: ದ ಬಂಕರ್’ ಕೂಡ ತಪ್ಪಿಸಬೇಡಿ. ಮೊದಲ ಮಹಾಯುದ್ಧದ ಬಂಕರ್, ಒಂದು ರಿವಾಲ್ವರ್, ಬೆರಳೆಣಿಕೆಯ ಗುಂಡು. ಟಾರ್ಚ್‌ಗೆ ಕೈಯಲ್ಲಿ ಎಳೆದು ಚಾರ್ಜ್ ಮಾಡಬೇಕು, ಆ ಶಬ್ದ ಗೋಡೆಯೊಳಗೆ ಓಡಾಡುವ ಮೃಗಕ್ಕೆ ಕೇಳುತ್ತದೆ. ಜನರೇಟರಿನ ಇಂಧನ ಮುಗಿದರೆ ಇಡೀ ಬಂಕರ್ ಕತ್ತಲೆ.

ಏಲಿಯನ್ ಐಸೊಲೇಶನ್‌ನಲ್ಲಿ ಆ ಏಲಿಯನ್ ಮೋಸ ಮಾಡ್ತದೆ. ನಾನು ಎಲ್ಲಿ ಅಡಗಿದ್ದರೂ ಅಲ್ಲೇ ಬರ್ತದೆ. ನಿಜ ತಾನೇ?

ಅರ್ಧ ನಿಜ. ಆ ಅರ್ಧವನ್ನು ಮಾಡಿದ ರೀತಿ ತುಂಬ ಸೊಗಸಾಗಿದೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಒಳಗೆ ಎರಡು ತಲೆ ಕೆಲಸ ಮಾಡುತ್ತವೆ. ಒಂದು, ಮೇಲಿನಿಂದ ಎಲ್ಲ ನೋಡುವ ನಿರ್ದೇಶಕ. ಅದಕ್ಕೆ ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಇನ್ನೊಂದು, ಏಲಿಯನ್‌ನ ಸ್ವಂತ ತಲೆ. ಅದಕ್ಕೆ ಗೊತ್ತಿಲ್ಲ. ನಿರ್ದೇಶಕ ಏಲಿಯನ್‌ಗೆ ‘ಆ ಕಡೆ ಹೋಗಿ ನೋಡು’ ಅಂತ ಸುಳಿವು ಕೊಡುತ್ತದೆ, ನೀವು ಇರುವ ಕಪಾಟನ್ನು ತೋರಿಸುವುದಿಲ್ಲ. ಅಲ್ಲಿಂದ ಮುಂದೆ ಏಲಿಯನ್ ತನ್ನ ಕಣ್ಣು ಕಿವಿಗಳಿಂದಲೇ ಹುಡುಕಬೇಕು. ನಿಮ್ಮ ಮೇಲೆ ಒತ್ತಡ ತುಂಬ ಹೊತ್ತು ಇದ್ದರೆ ನಿರ್ದೇಶಕ ಅದನ್ನು ಹಿಂದಕ್ಕೆ ಕರೆದು ಮೇಲಿನ ಗಾಳಿಕೊಳವೆಗೆ ಕಳಿಸುತ್ತದೆ. ಹಾಗಾಗಿ ನಿಮಗೆ ಅದು ಯಾವಾಗಲೂ ಹತ್ತಿರದಲ್ಲೇ ಇದ್ದ ಹಾಗೆ, ಆದರೆ ಸ್ವಲ್ಪದರಲ್ಲೇ ತಪ್ಪಿಸಿಕೊಂಡ ಹಾಗೆ ಅನಿಸುತ್ತದೆ. ಮುಂಚಿತವಾಗಿ ಬರೆದಿಟ್ಟ ದಾರಿಯಲ್ಲಿ ಓಡಾಡುವ ಶತ್ರುವನ್ನು ಎರಡು ಸಲ ಸತ್ತರೆ ಬಾಯಿಪಾಠ ಮಾಡಬಹುದು, ಇದನ್ನು ಆಗುವುದಿಲ್ಲ.

ಸಹಾಯಕ್ಕೆ ಕೊಟ್ಟ ಸಾಮಾನುಗಳೂ ನಿಮ್ಮ ವಿರುದ್ಧವೇ ತಿರುಗುತ್ತವೆ. ಚಲನೆ ತೋರಿಸುವ ಟ್ರ್ಯಾಕರ್‌ನ ಪೀಂ ಪೀಂ ಶಬ್ದ ಹತ್ತಿರದಲ್ಲಿದ್ದರೆ ಅದಕ್ಕೂ ಕೇಳುತ್ತದೆ. ಬೆಂಕಿ ಉಗುಳುವ ಫ್ಲೇಮ್‌ಥ್ರೋವರ್‌ನಿಂದ ಓಡಿಸಬಹುದು, ಕೊಲ್ಲಲಿಕ್ಕೆ ಆಗುವುದಿಲ್ಲ. ಸೇವ್ ಮಾಡಬೇಕಾದರೆ ಗೋಡೆಯ ಯಂತ್ರಕ್ಕೆ ಕಾರ್ಡ್ ಹಾಕಿ ದೀಪಗಳು ಒಂದೊಂದಾಗಿ ಹತ್ತುವವರೆಗೆ ನಿಲ್ಲಬೇಕು, ಆ ಹೊತ್ತಿನಲ್ಲಿ ಬೆನ್ನ ಹಿಂದಿನಿಂದ ಅದು ಬಂದರೆ ಮುಗಿಯಿತು. ಕಥೆ 1979ರ ‘ಏಲಿಯನ್’ ಸಿನಿಮಾದ 15 ವರ್ಷದ ನಂತರ ನಡೆಯುತ್ತದೆ, ಆ ಸಿನಿಮಾದ ನಾಯಕಿ ರಿಪ್ಲಿಯ ಮಗಳು ಅಮಾಂಡಾ ನೀವು. ಸಿನಿಮಾ ನೋಡದವರೂ ಆಡಬಹುದು.

ಪಿ.ಟಿ. ಅಂತ ಎಲ್ಲರೂ ಹೇಳ್ತಾರೆ, ಎಲ್ಲಿ ಸಿಗ್ತದೆ?

ಸಿಗುವುದಿಲ್ಲ. 2014ರ ಆಗಸ್ಟ್‌ನಲ್ಲಿ ಪ್ಲೇಸ್ಟೇಶನ್ 4ಕ್ಕೆ ಉಚಿತವಾಗಿ ಬಂತು, ಯಾರು ಮಾಡಿದ್ದು ಅಂತಲೂ ಸರಿಯಾಗಿ ಹೇಳದೆ. ಆಡಿ ಮುಗಿಸಿದವರಿಗೆ ಕೊನೆಯಲ್ಲಿ ಗೊತ್ತಾಯಿತು: ಗೇಮ್ ಮಾಡುವ ಹಿದಿಯೋ ಕೊಜಿಮಾ ಮತ್ತು ಸಿನಿಮಾ ನಿರ್ದೇಶಕ ಗಿಯೆರ್ಮೋ ದೆಲ್ ತೋರೊ ಸೇರಿ ಮಾಡಬೇಕಿದ್ದ ‘ಸೈಲೆಂಟ್ ಹಿಲ್ಸ್’ನ ಮುನ್ನೋಟ ಅದು. 2015ರಲ್ಲಿ ಆ ಯೋಜನೆಯೇ ನಿಂತಿತು, ಪಿ.ಟಿ.ಯನ್ನೂ ಅಂಗಡಿಯಿಂದ ತೆಗೆದರು.

ಅದರಲ್ಲಿ ಇರುವುದು ಒಂದು ಮನೆಯ ತಿರುವು ಇರುವ ಓಣಿ, ಅಷ್ಟೇ. ಕೊನೆಯ ಬಾಗಿಲು ದಾಟಿದರೆ ಮತ್ತೆ ಅದೇ ಓಣಿಯ ಆರಂಭ. ಪ್ರತಿ ಸುತ್ತಿನಲ್ಲೂ ಏನೋ ಒಂದು ಬದಲಾಗಿರುತ್ತದೆ. ಒಂದು ಬಲ್ಬು, ಒಂದು ಫೋಟೋ, ಅರ್ಧ ತೆರೆದ ಬಚ್ಚಲ ಬಾಗಿಲು. ನೀವು ನಡೆಯಬಹುದು, ನೋಡಬಹುದು, ಬೇರೆ ಏನೂ ಮಾಡಲಿಕ್ಕಿಲ್ಲ. ಗುರುತಿನ ಜಾಗ ಅಪರಿಚಿತ ಆಗುವುದು ಎಷ್ಟು ಭಯಂಕರ ಅಂತ ಇದರಷ್ಟು ಚೆನ್ನಾಗಿ ಯಾವುದೂ ತೋರಿಸಿಲ್ಲ. ಇಂಥ ಕೆಲಸವನ್ನು ಅಳಿಸಿ ಹಾಕಿದ್ದು ನನಗೆ ಇವತ್ತಿಗೂ ಬೇಸರ. ಆ ದಾರಿಯಲ್ಲೇ ಬಂದ ‘ವಿಸಾಜ್’ (2020) ಆಡಿ ನೋಡಿ.

ನಾಲ್ಕು ಜನ ಸೇರಿ ಆಡಿದ್ರೆ ನಗುವೇ ಜಾಸ್ತಿ ಆಗ್ತದೆ. ಅದೂ ಹಾರರಾ?

ಹೌದು, ಬೇರೆ ತರಹದ್ದು. 2020ರ ‘ಫಾಸ್ಮೋಫೋಬಿಯಾ’ದಲ್ಲಿ ದೆವ್ವ ಇರುವ ಮನೆಗೆ ಹೋಗಿ ಅದು ಯಾವ ಜಾತಿಯದ್ದು ಅಂತ ಪತ್ತೆ ಮಾಡಬೇಕು. ನಿಮ್ಮ ಮೈಕ್‌ನಲ್ಲಿ ಆಡಿದ ಮಾತು ಅದಕ್ಕೆ ಕೇಳುತ್ತದೆ. ಅದು ಬೇಟೆಗೆ ಹೊರಟಾಗ ನಾಲ್ವರೂ ಬಾಯಿ ಮುಚ್ಚಿ ಕೂರಬೇಕು, ಆಗ ನಗು ಎಲ್ಲಿಂದ ಬರುತ್ತದೆ? ‘ಲೀಥಲ್ ಕಂಪನಿ’ಯಲ್ಲಿ (2023) ಗೆಳೆಯನ ಧ್ವನಿ ದೂರ ಹೋದಷ್ಟು ಸಣ್ಣದಾಗುತ್ತದೆ. ಮಾತಿನ ಮಧ್ಯೆ ಅದು ಕಡಿದು ಹೋದರೆ ಅವನಿಗೆ ಏನೋ ಆಯಿತು ಅಂತ ಅರ್ಥ. ಮಣಿಪಾಲದ ಹಾಸ್ಟೆಲ್‌ನವರು ಒಂದೇ ಕೋಣೆಯಲ್ಲಿ ಕೂತು ಆಡಿ ‘ಹೆದರಿಕೆಯೇ ಇಲ್ಲ’ ಅನ್ನುತ್ತಾರೆ. ಬೇರೆ ಬೇರೆ ಕೋಣೆಗೆ ಹೋಗಿ, ಲೈಟ್ ಆರಿಸಿ, ಹೆಡ್‌ಫೋನ್ ಹಾಕಿ ಆಡಿ.

ಆಡಿದ ಮೇಲೆ ನಿದ್ದೆ ಬರುವುದಿಲ್ಲ, ಕೆಲವು ಸಲ ತಲೆ ತಿರುಗ್ತದೆ. ಎಂತ ಮಾಡ್ಬೇಕು?

ಎರಡೂ ಬೇರೆ. ತಲೆ ತಿರುಗುವುದು ಹೆಚ್ಚಾಗಿ ಕ್ಯಾಮೆರಾದ ಅಲುಗಾಟದಿಂದ. ಸೆಟ್ಟಿಂಗ್ಸ್‌ನಲ್ಲಿ ಹೆಡ್ ಬಾಬ್ (ನಡೆಯುವಾಗ ನೋಟ ಕುಣಿಯುವುದು), ಮೋಶನ್ ಬ್ಲರ್ (ತಿರುಗುವಾಗ ಚಿತ್ರ ಮಸುಕಾಗುವುದು) ಎರಡನ್ನೂ ಆಫ್ ಮಾಡಿ, ಫೀಲ್ಡ್ ಆಫ್ ವ್ಯೂ (ಒಮ್ಮೆಗೆ ಕಾಣುವ ಅಗಲ) ಸ್ವಲ್ಪ ಹೆಚ್ಚಿಸಿ, ಪರದೆಯಿಂದ ದೂರ ಕೂರಿ. ನಿದ್ದೆಗೆ, ಮಲಗುವ ಒಂದು ಗಂಟೆ ಮೊದಲು ನಿಲ್ಲಿಸಿ ಮತ್ತು ಹೆದರಿಕೆಯ ಜಾಗದ ಮಧ್ಯೆ ನಿಲ್ಲಿಸಬೇಡಿ. ಅದನ್ನು ದಾಟಿ, ಸೇವ್ ಮಾಡಿ ಏಳಿ. ಜೇಡ ಕಂಡರೆ ಆಗದವರಿಗೆ ಲೀಥಲ್ ಕಂಪನಿಯಲ್ಲಿ ಅದಕ್ಕೇ ಒಂದು ಆಯ್ಕೆ ಉಂಟು, ಜೇಡದ ಬದಲು ಬರೀ ಅಕ್ಷರ ಬರುತ್ತದೆ. ದಿನವಿಡೀ ಎದೆ ಹೊಡೆದುಕೊಳ್ಳುವುದು, ಒಬ್ಬರೇ ಇರಲು ಆಗದೇ ಇರುವುದು ಮುಂದುವರಿದರೆ ಗೇಮ್ ಬಿಟ್ಟು ಡಾಕ್ಟರ ಹತ್ತಿರ ಮಾತಾಡಿ.

## ಇನ್ನೂ ಆಳಕ್ಕೆ

ಗೇಮ್ ನಮ್ಮ ಟಿವಿ, ಸೇವ್ ಫೈಲ್ ಜೊತೆಗೇ ಆಟ ಆಡ್ತದೆ ಅಂತ ಕೇಳಿದೆ. ಹೌದಾ?

ಹೌದು. 2002ರ ‘ಎಟರ್ನಲ್ ಡಾರ್ಕ್‌ನೆಸ್’ ನಿಂಟೆಂಡೋದ ಗೇಮ್‌ಕ್ಯೂಬ್ ಯಂತ್ರಕ್ಕೆ ಬಂದದ್ದು. ಪಾತ್ರದ ಮನಸ್ಸು ಕೆಟ್ಟಂತೆ ಟಿವಿಯ ವಾಲ್ಯೂಮ್ ತಾನಾಗಿ ಇಳಿದ ಹಾಗೆ ತೋರಿಸುತ್ತಿತ್ತು, ಸೇವ್ ಎಲ್ಲ ಅಳಿಸಿ ಹೋಗುತ್ತಿದೆ ಅಂತಲೂ ತೋರಿಸುತ್ತಿತ್ತು. ಎರಡೂ ನಾಟಕ. ಆದರೆ ರಿಮೋಟ್ ಹುಡುಕಿದ್ದು ನೀವು, ಪಾತ್ರ ಅಲ್ಲ. ಡೋಕಿ ಡೋಕಿಯಲ್ಲಿ ಕಂಪ್ಯೂಟರಿನ ಫೋಲ್ಡರ್ ತೆರೆದು ನೋಡಿದರೆ ಪಾತ್ರದ ಫೈಲ್ ನಿಜವಾಗಿಯೂ ಕಾಣೆಯಾಗಿರುತ್ತದೆ. ಪರದೆಯ ಒಳಗೆ ಇರಬೇಕಾದದ್ದು ಹೊರಗೆ ಬಂತು ಅನ್ನುವ ಈ ಅನುಭವ ಸಿನಿಮಾಕ್ಕಾಗಲಿ ಪುಸ್ತಕಕ್ಕಾಗಲಿ ಇಷ್ಟು ಸುಲಭಕ್ಕೆ ಸಿಗುವುದಿಲ್ಲ.

ದೆವ್ವ, ರಕ್ತ ಎಂತದ್ದೂ ಇಲ್ಲದೆ ಹೆದರಿಸುವ ಗೇಮ್ ಉಂಟಾ?

ಮಲ್ಪೆ, ಪಣಂಬೂರಿನಲ್ಲಿ ಮಳೆಗಾಲದ ಕಡಲು ನೋಡಿ ಬೆಳೆದವರಿಗೆ ‘ಸಬ್‌ನಾಟಿಕಾ’ (2018) ಹೇಳುತ್ತೇನೆ. ಹಾರರ್ ಅಂತ ಮಾರುವುದೂ ಇಲ್ಲ. ಬೇರೆ ಗ್ರಹದ ಸಮುದ್ರದಲ್ಲಿ ಬಿದ್ದಿದ್ದೀರಿ, ಬದುಕಬೇಕು, ಮೀನು ಹಿಡಿಯಬೇಕು. ಆಳ ಕಡಿಮೆ ಇರುವಲ್ಲಿ ಎಲ್ಲ ಚಂದ, ಬಿಸಿಲು ಬೀಳುತ್ತದೆ. ಬೇಕಾದ ಸಾಮಾನು ಮಾತ್ರ ಪ್ರತಿ ಸಲವೂ ಇನ್ನೂ ಆಳದಲ್ಲಿ ಇರುತ್ತದೆ. ಆಮ್ಲಜನಕ ಇಳಿಯುತ್ತಿರುವಾಗ, ಕೆಳಗೆ ನೀಲಿ ಕಪ್ಪಾಗುವ ಕಡೆಯಿಂದ ಒಂದು ಗರ್ಜನೆ ಬರುತ್ತದೆ.

‘ಐರನ್ ಲಂಗ್’ (2022) ಒಂದು ಗಂಟೆಯಲ್ಲಿ ಮುಗಿಯುತ್ತದೆ. ನೀವು ಇರುವುದು ತುಕ್ಕು ಹಿಡಿದ ಸಣ್ಣ ಜಲಾಂತರ್ಗಾಮಿ. ಸಮುದ್ರ ರಕ್ತದ್ದು, ಆದರೆ ಅದು ನಿಮಗೆ ಕಾಣುವುದೇ ಇಲ್ಲ, ಕಿಟಕಿ ಬೆಸುಗೆ ಹಾಕಿ ಮುಚ್ಚಿದ್ದಾರೆ. ನಕ್ಷೆ ಮತ್ತು ಅಂಕಿ ನೋಡಿ ಓಡಿಸಬೇಕು, ಹೊರಗೆ ಏನಿದೆ ಅಂತ ತಿಳಿಯಲು ಒಂದೊಂದೇ ಮಸುಕು ಫೋಟೋ ತೆಗೆಯಬೇಕು. ಡೇವಿಡ್ ಶಿಮಾನ್‌ಸ್ಕಿ ಮಾಡಿದ ಈ ಪುಟ್ಟ ಗೇಮ್ ಕೋಟಿಗಟ್ಟಲೆ ಖರ್ಚಿನವಕ್ಕಿಂತ ಜಾಸ್ತಿ ಹೆದರಿಸುತ್ತದೆ.

2015ರ ‘ಸೋಮಾ’ದಲ್ಲಿ ಜೀವಿಗಳು ಉಂಟು, ಆದರೆ ಅವು ಮರೆತು ಹೋಗುತ್ತವೆ. ‘ನಾನು’ ಅಂದರೆ ಯಾರು ಅಂತ ಅದು ಕೇಳುವ ಪ್ರಶ್ನೆ ಮಾತ್ರ ಎಷ್ಟೋ ದಿನ ಬಿಡುವುದಿಲ್ಲ.

ನಮ್ಮ ಕಡೆಯ ಕಥೆ ಇಟ್ಟುಕೊಂಡು ಹಾರರ್ ಗೇಮ್ ಮಾಡ್ಬಹುದಾ? ದೈವ, ಭೂತ ಎಲ್ಲ ಉಂಟಲ್ಲ

ಖಂಡಿತ ಮಾಡಬೇಕು. ಆದರೆ ದೈವಗಳನ್ನು ಬಿಟ್ಟು ಮಾಡಿ. ದೈವ ನಮಗೆ ನಂಬಿಕೆ. ಊರಿನ ನ್ಯಾಯ ಹೇಳುವುದು, ಅಭಯ ಕೊಡುವುದು ಅದರ ಕೆಲಸ. ಕೋಲದ ಮುಖವರ್ಣಿಕೆಯನ್ನು ತೆಗೆದು ಅಟ್ಟಿಸಿಕೊಂಡು ಬರುವ ರಾಕ್ಷಸ ಮಾಡಿದರೆ ಊರಿನವರಿಗೆ ನೋವಾಗುತ್ತದೆ, ಗೇಮ್ ಕೂಡ ಸುಳ್ಳಾಗುತ್ತದೆ. ಹೊರಗಿನವರಿಗೆ ಅದು ಒಂದು ವೇಷವಾಗಿ ಕಾಣುತ್ತದೆ, ಅಷ್ಟೇ.

ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ ಏನು ಮಾಡಿತು ನೋಡಿ. ‘ಡಿಟೆನ್ಶನ್’ (2017) 1960ರ ದಶಕದ ಒಂದು ಶಾಲೆ. ಆಗ ಅಲ್ಲಿ ಮಿಲಿಟರಿ ಕಾನೂನು ಇತ್ತು. ನಿಷೇಧಿಸಿದ ಪುಸ್ತಕ ಓದಿದ್ದಕ್ಕೆ ಜನ ಕಾಣೆಯಾಗುತ್ತಿದ್ದ ಕಾಲ. ‘ಡಿವೋಶನ್’ (2019) 1980ರ ದಶಕದ ಒಂದು ಪುಟ್ಟ ಮನೆ, ಅಪ್ಪ ಅಮ್ಮ ಮಗಳು. ಅದರ ಅಡುಗೆಮನೆ, ಕ್ಯಾಲೆಂಡರ್, ಟಿವಿ ಎಲ್ಲ ಅಲ್ಲಿನವರಿಗೆ ತಮ್ಮ ಸ್ವಂತ ಮನೆ. 2025ರ ‘ಸೈಲೆಂಟ್ ಹಿಲ್ ಎಫ್’ ಕೂಡ 1960ರ ದಶಕದ ಜಪಾನಿನ ಒಂದು ಸಣ್ಣ ಊರಿಗೆ ಹೋಯಿತು. ಅವರು ದೊಡ್ಡ ರಾಕ್ಷಸನನ್ನು ಹುಡುಕಲಿಲ್ಲ, ಮನೆಯೊಳಗಿನ ದುಃಖವನ್ನು ಹುಡುಕಿದರು.

ನಮ್ಮಲ್ಲಿ ಅಂಥದ್ದು ಬೇಕಾದಷ್ಟು ಉಂಟು. ಮಕ್ಕಳೆಲ್ಲ ಮುಂಬೈಗೋ ದುಬೈಗೋ ಹೋಗಿ ಬೀಗ ಹಾಕಿದ ಹಂಚಿನ ಮನೆ ಯಾವ ಊರಲ್ಲಿಲ್ಲ? ತುಳುವರ ಆಟಿ ತಿಂಗಳು, ಬಿಡದ ಮಳೆ, ಹೋಗಿ ಬರುವ ಕರೆಂಟು. ತೀರಿಹೋದವರಿಗೆ ಆಟಿಯಲ್ಲಿ ಬಡಿಸುವ ಪದ್ಧತಿ ಉಂಟು. ಮದುವೆ ಆಗದೆ ತೀರಿಹೋದವರಿಗೆ ಮನೆಯವರು ನೆಂಟಸ್ತಿಕೆ ನೋಡಿ ಮಾಡುವ ಕುಲೆ ಮದಿಮೆ ಉಂಟು. ಇವೆಲ್ಲ ಪ್ರೀತಿಯಿಂದ ಮಾಡುವ ಕೆಲಸ, ಅದರ ಮರ್ಯಾದೆ ಹಾಗೇ ಇಟ್ಟುಕೊಂಡೇ ಆಟ ಕಟ್ಟಬಹುದು. ನಾನಾದರೆ ಹೀಗೆ ಮಾಡುತ್ತೇನೆ: ಆಡುವವರು ಎಷ್ಟೋ ವರ್ಷದ ನಂತರ ಆ ಮನೆಗೆ ಬಂದ ಮೊಮ್ಮಗಳು. ತೀರಿಹೋದವರಿಗೆ ಎಲೆ ಹಾಕಬೇಕು. ಎಷ್ಟು ಎಲೆ ಅಂತ ಹೇಳುವ ಹಿರಿಯರು ಈಗ ಇಲ್ಲ. ಫೋಟೋ, ಪೆಟ್ಟಿಗೆ, ಹಳೆಯ ಕಾಗದ ನೋಡಿ ಮನೆಯಲ್ಲಿ ಯಾರು ಯಾರು ಇದ್ದರು ಅಂತ ಅವಳೇ ಲೆಕ್ಕ ಹಾಕಬೇಕು. ಒಬ್ಬರ ಹೆಸರನ್ನು ಎಲ್ಲ ಕಡೆಯಿಂದ ಅಳಿಸಿರುತ್ತಾರೆ. ಬಡಿಸಿ, ಬಾಗಿಲು ಹಾಕಿ, ಹೊರಗೆ ಕಾಯಬೇಕು. ಮತ್ತೆ ತೆರೆಯುವ ಬಟನ್ ಅವಳ ಕೈಯಲ್ಲಿ.

ಇದಕ್ಕೆ ದೊಡ್ಡ ಕಂಪನಿ ಬೇಡ. ಗೇಮ್ ಕಟ್ಟುವ ಸಾಫ್ಟ್‌ವೇರ್ ಗೋಡೋ ಎಂಜಿನ್ ಪೂರ್ತಿ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಒಂದೇ ಮನೆ ಸಾಕು, ಅರ್ಧ ಗಂಟೆಯ ಆಟ ಸಾಕು. ಹಂಚಿನ ಮೇಲೆ ಮಳೆ ಬೀಳುವ ಶಬ್ದ, ಮರದ ಬಾಗಿಲಿನ ಚಿಲಕ, ಬಾವಿಯ ರಾಟೆ ಎಲ್ಲ ಅಜ್ಜಿ ಮನೆಗೆ ಹೋಗಿ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ. ಮಾತು ಕನ್ನಡದಲ್ಲಿ, ತುಳುವಿನಲ್ಲಿ ಇಡಿ, ಬೇರೆಯವರು ಅಡಿಬರಹ ಓದಿಕೊಳ್ಳುತ್ತಾರೆ. ಅರ್ಧ ಆದ ಕೂಡಲೇ ಗೇಮ್ ಆಡದ ಒಬ್ಬರನ್ನು ಕೂರಿಸಿ ಆಡಿಸಿ, ನೀವು ಹಿಂದೆ ಕೂತು ಒಂದು ಮಾತೂ ಆಡಬೇಡಿ. ಯಾವ ಬಾಗಿಲ ಎದುರು ಅವರ ಕೈ ನಿಲ್ಲುತ್ತದೆ, ಯಾವುದರ ಎದುರು ನಿಲ್ಲುವುದಿಲ್ಲ ಅಂತ ಬರೆದಿಟ್ಟುಕೊಳ್ಳಿ. ಮರುದಿನ ನಿಲ್ಲದ ಬಾಗಿಲುಗಳ ಶಬ್ದದಿಂದ ಕೆಲಸ ಶುರು ಮಾಡಿ.